ಆಪುಂಡು, ಪೋಯಿ, ನೋಡುವ

"ಕಿಲೋಗೆ 28 ರೂಪಾಯಿ. ಒಂದು ಟನ್ ಅಂತ ಹಿಡಿಯುವ" ಎಂದರು ಗುಜರಿಯವರು. ಕೊಟ್ಟಗೆಯ ಬಾಗಿಲಲ್ಲೇ ನಿಂತು, ಒಳಗೆ ಕಾಲೂ ಇಡದೆ ಅಪ್ಪನ ಹಳೆ ಜೀಪಿಗೆ ಹೇಳಿದ ಲೆಕ್ಕ. ಅವರನ್ನು ದೂರುವ ಹಾಗಿಲ್ಲ. ಬಾಗಿಲಿನಿಂದ ನೋಡಿದರೆ ನನಗೂ ಕಾಣುತ್ತಿದ್ದದ್ದು ಒಂದು ಟನ್ ಕೆಂಪು ಪುಡಿಯೇ.

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆ. ಇಳಿಜಾರಿನ ಅಡಿಕೆ ತೋಟ. ಅಪ್ಪನ ಜೀಪು 1968ರ ಮಹೀಂದ್ರ ಸಿಜೆ 3ಬಿ. ಬಾನೆಟ್ ಸ್ವಲ್ಪ ಎತ್ತರ ಇರುತ್ತದಲ್ಲ, ಆ ಜಾತಿ. ಆ ಎತ್ತರಕ್ಕೂ ಕಾರಣ ಇದೆ. ಯುದ್ಧಕಾಲದ ಎಂಜಿನ್ ಬಿಟ್ಟು ಜೀಪಿನ ಮೂಲ ಕಂಪನಿ ವಿಲ್ಲೀಸ್‌ನವರು ಹರಿಕೇನ್ ಎಂಬ ಎಂಜಿನ್ ತಂದಾಗ ಇನ್‌ಟೇಕ್ ವಾಲ್ವ್‌ಗಳನ್ನು ಮೇಲೆ ಎಂಜಿನಿನ ಮುಚ್ಚಳಕ್ಕೆ, ಅಂದರೆ ಹೆಡ್‌ಗೆ ಏರಿಸಿದರು. ಎಂಜಿನ್ ಎತ್ತರಕ್ಕೆ ಬೆಳೆಯಿತು, ಬಾನೆಟ್ಟೂ ಜೊತೆಗೆ ಏರಿತು. ನಾಲ್ಕು ಸಿಲಿಂಡರ್, 2199 ಸಿಸಿ, ಪೆಟ್ರೋಲ್. ಊರವರೆಲ್ಲ ಡೀಸೆಲ್ ಎಂಜಿನ್ ಕೂರಿಸಿಕೊಂಡರೂ ಅಪ್ಪ ಕೂರಿಸಲಿಲ್ಲ. ಬರೀ ಹಠ. ನಂಬರ್ ಕಣ್ಣೂರಿನದು. ಕಾಸರಗೋಡು ಬೇರೆ ಜಿಲ್ಲೆ ಆದದ್ದೇ 1984ರಲ್ಲಿ. 2004ರಲ್ಲಿ ಒಂದು ದಿನ ಕೊಟ್ಟಗೆಗೆ ಹೋದ ಜೀಪು ಮತ್ತೆ ಹೊರಗೆ ಬರಲಿಲ್ಲ. ಮೇಲೆ ಎರಡು ಹಂಚು ಒಡೆದಿತ್ತು. ಅದನ್ನು ಯಾರೂ ನೋಡಲಿಲ್ಲ.

ಅಪ್ಪ ಹೋಗಿ ಎರಡು ವರ್ಷ. ಬೆಂಗಳೂರಿನಲ್ಲಿರುವ ತಮ್ಮ "ಕೊಟ್ಟುಬಿಡು ಅಕ್ಕ, ಸುಮ್ನೆ ತಲೆನೋವು" ಎಂದ. ಅಮ್ಮನಿಗೆ ಕೊಟ್ಟಗೆ ಖಾಲಿಯಾಗಬೇಕು, ಅಷ್ಟೇ. ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಚಿನ್ನದ ಸಾಲಕ್ಕೆ ಬಂದ ಒಡವೆಯನ್ನು ಕಲ್ಲಿಗೆ ಉಜ್ಜದೆ ಯಾರೂ ಬೆಲೆ ಹೇಳುವುದಿಲ್ಲ. ಬಾಗಿಲಲ್ಲಿ ನಿಂತು ಹೇಳಿದ ಬೆಲೆಗೆ ಒಪ್ಪಲು ಮನಸ್ಸಾಗಲಿಲ್ಲ. ಹಾಗಾಗಿ ಅಪ್ಪನ ಕಾಲದ ಮೇಸ್ತ್ರಿಯನ್ನು ಕರೆಸಿದೆ.

ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಬಂದರು. ಚೀಲದಲ್ಲಿದ್ದದ್ದು ಮೂರೇ ಸಾಮಾನು: ಒಂದು ಸಣ್ಣ ಸುತ್ತಿಗೆ, ಮೊನೆ ಸವೆದ ಸ್ಕ್ರೂಡ್ರೈವರ್, ಒಂದು ಟಾರ್ಚ್. ಚಹಾ ಕುಡಿದು ಕೊಟ್ಟಗೆಗೆ ಇಳಿದವರು ಮಧ್ಯಾಹ್ನದವರೆಗೆ ಹೆಚ್ಚು ಮಾತಾಡಲಿಲ್ಲ. ಪ್ರತಿ ಸಾಮಾನಿಗೂ ಒಂದೇ ಶಬ್ದ. ಆಗುವುದಾದರೆ ತುಳುವಿನಲ್ಲಿ "ಆಪುಂಡು". ಕೆಟ್ಟಿದ್ದರೆ ಮಲಯಾಳದಲ್ಲಿ "ಪೋಯಿ". ಅನುಮಾನ ಇದ್ದರೆ ಕನ್ನಡದಲ್ಲಿ "ನೋಡುವ". ಯಾಕೆ ಹಾಗೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವರಿಗೂ ಗೊತ್ತಿರುತ್ತಿರಲಿಲ್ಲ. ನಮ್ಮೂರಿನಲ್ಲಿ ಯಾವ ಭಾಷೆ ಯಾವಾಗ ಬಾಯಿಗೆ ಬರುತ್ತದೆ ಎಂದು ಯಾರು ಲೆಕ್ಕ ಇಡುತ್ತಾರೆ? ನಾನು ಚಾಕ್ ಹಿಡಿದು ನೆಲದಲ್ಲಿ ಮೂರು ಚೌಕ ಹಾಕಿದೆ, ಅಷ್ಟೇ.

ಮೊದಲ ಪಾಠ ಹಿಂದಿನ ಫ್ಲೋರಿನಲ್ಲಿ ಸಿಕ್ಕಿತು. ಅಪ್ಪ ಅದರ ಮೇಲೆ ಮರದ ಹಲಗೆ ಹಾಕಿಸಿದ್ದರು. ಹಲಗೆ ಎತ್ತಿದರೆ ಕೆಳಗಿನ ತಗಡು ಜಾಲರಿ ಆಗಿತ್ತು. ಮಳೆ ನೀರು ಇಷ್ಟು ತಿನ್ನುತ್ತದಾ ಎಂದೆ. "ಮಳೆ ಅಲ್ಲ ಅಕ್ಕ, ತುತ್ತು" ಎಂದರು ಮೇಸ್ತ್ರಿ. ತುತ್ತು ಅಂದರೆ ಮೈಲುತುತ್ತು, ತಾಮ್ರದ ಉಪ್ಪು. ಆಗ ನೆನಪಾಯಿತು. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಬಿಡಲು ಡ್ರಮ್ಮುಗಳು ಹೋಗುತ್ತಿದ್ದದ್ದು ಇದೇ ಜೀಪಿನಲ್ಲಿ. ತುತ್ತಿನ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಸುಣ್ಣ ಸಾಕಾಗಿದೆಯಾ ಎಂದು ನೋಡಲು ನಾವು ದ್ರಾವಣದಲ್ಲಿ ಕತ್ತಿ ಅದ್ದುವುದಿಲ್ಲವಾ, ಅಲಗು ಕೆಂಪಾದರೆ ಇನ್ನೂ ಸುಣ್ಣ ಹಾಕುತ್ತೇವಲ್ಲ, ಅದೇ ಕತೆ. ಅಪ್ಪ ಕತ್ತಿ ಅದ್ದಿ ಪರೀಕ್ಷೆ ಮಾಡುತ್ತಿದ್ದರು. ಪಕ್ಕದಲ್ಲಿ ಚೆಲ್ಲಿದ ತುತ್ತಿನ ನೀರು ಜೀಪಿನ ಮೇಲೆ ಅದೇ ಪರೀಕ್ಷೆಯನ್ನು ಮೂವತ್ತು ವರ್ಷ ಮಾಡಿತು. ಫ್ಲೋರ್ ಪೋಯಿ. ಬೇಸರ ಇಲ್ಲ. ಅದು ಬರೀ ತಗಡು, ಹೊಸದು ಬಗ್ಗಿಸಿ ಬೆಸುಗೆ ಹಾಕಬಹುದು.

ಅಡಿಯಲ್ಲಿ ಬೇರೆಯೇ ಲೋಕ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಪ್ಪ ಎಂಜಿನಿನಿಂದ ಇಳಿಸಿದ ಕರಿ ಎಣ್ಣೆಯನ್ನು ಜೀಪಿನ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಸ್‌ಗೆ ಬಳಿಯುತ್ತಿದ್ದರು. ಮನೆಯೆಲ್ಲ ವಾಸನೆ, ಅಮ್ಮನಿಗೆ ಸಿಟ್ಟು. ಈಗ ಆ ಎಣ್ಣೆ, ಧೂಳು, ಕೆಸರು ಎಲ್ಲ ಸೇರಿ ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ನೋಡಲು ಅಸಹ್ಯ. ಮೇಸ್ತ್ರಿ ಸ್ಕ್ರೂಡ್ರೈವರ್‌ನಿಂದ ಒಂದು ಪದರ ಕೆತ್ತಿದರೆ ಒಳಗೆ ಬೂದು ಬಣ್ಣದ ಗಟ್ಟಿ ಕಬ್ಬಿಣ. ಸುತ್ತಿಗೆಯಲ್ಲಿ ಹೊಡೆದರೆ ಗಂಟೆಯ ಹಾಗೆ "ಟಣ್" ಎಂದಿತು. ಆ ಸದ್ದು ಕೇಳುತ್ತಾ ಮುಂದೆ ಹೋದರು. ಟಣ್, ಟಣ್, ಟಣ್. ಮುಂದಿನ ತುದಿಯಲ್ಲಿ, ಸ್ಪ್ರಿಂಗ್ ಕೂರುವ ಕಡೆ, "ಡಬ್". ಅಲ್ಲಿ ಎರಡು ತಗಡು ಸೇರಿಸಿ ಪೆಟ್ಟಿಗೆಯ ಹಾಗೆ ಮಾಡಿದ ಜಾಗ. ಕೆಸರು ಒಳಗೆ ಹೋಗುತ್ತದೆ, ಎಣ್ಣೆಯ ಬ್ರಶ್ ಹೋಗುವುದಿಲ್ಲ. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳ ಮುರಿದ ಹಾಗೆ ಒಳಗೆ ಇಳಿಯಿತು. ಹೊರಗಿನಿಂದ ಅಲ್ಲಿ ಪೈಂಟ್ ಕೂಡ ಇತ್ತು!

ತುಕ್ಕಿನ ಗುಣವೇ ಹಾಗೆ. ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ, ಉಬ್ಬುತ್ತದೆ. ಒಂದು ಮಿಲಿಮೀಟರ್ ಹೋದರೂ ಅರ್ಧ ಇಂಚು ಹೋದ ಹಾಗೆ ಹೆದರಿಸುತ್ತದೆ. ಪೈಂಟಿನ ಅಡಿಯಲ್ಲಿ ಕೂತರೆ ಮಾತ್ರ ಸದ್ದೇ ಇಲ್ಲ.

ಅಲ್ಲಿ ಮೇಸ್ತ್ರಿ ಪೋಯಿ ಎನ್ನುತ್ತಾರೆ ಎಂದುಕೊಂಡೆ. "ನೋಡುವ" ಎಂದರು. ಕಾರಣ ನಂಬರು. ಚಾಸಿಸ್ ನಂಬರ್ ಇರುವ ಕಡೆ ಗಟ್ಟಿಯಿದೆ, ಮುಂದಿನ ಎರಡು ಅಡಿ ಕತ್ತರಿಸಿ ಅದೇ ದಪ್ಪದ ತಗಡು ಹಾಕಬಹುದು. ಚಾಸಿಸ್ಸನ್ನೇ ಬದಲಿಸಿದರೆ ಅದು ಬೇರೆ ಜೀಪು. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000. ನಂಬರ್ ಪ್ಲೇಟಿನಲ್ಲಿ "ವಿಎ" ಎಂಬ ಅಕ್ಷರ ಬರುತ್ತದೆ. ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ದಿನಾ ಓಡಿಸುವ ಹಾಗೂ ಇಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆ. ಅಪ್ಪನ ಡೀಸೆಲ್ ವಿರೋಧಿ ಹಠ ಇಷ್ಟು ವರ್ಷದ ನಂತರ ಉಪಯೋಗಕ್ಕೆ ಬಂತು ನೋಡಿ.

ಗೇರ್ ಬಾಕ್ಸ್ ಮತ್ತು ಡಿಫರೆನ್ಶಿಯಲ್ ಹೊರಗೆ ಕೆಂಪು, ಒಳಗೆ ಎಣ್ಣೆಯಲ್ಲಿ ಮುಳುಗಿ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಆಪುಂಡು. ರೇಡಿಯೇಟರ್ ಹಿತ್ತಾಳೆ, ಅದಕ್ಕೆ ತುಕ್ಕಿನ ಹಂಗಿಲ್ಲ. ಆಪುಂಡು. ಡೈನಮೋ, ನೋಡುವ. ಪೆಟ್ರೋಲ್ ಟ್ಯಾಂಕ್ ಎತ್ತಿ ಸೂರ್ಯನಿಗೆ ಹಿಡಿದರೆ ಒಳಗೆ ನಕ್ಷತ್ರ ಕಂಡವು. ಪೋಯಿ.

ಆಮೇಲೆ ಬ್ರೇಕ್. ಇಲ್ಲಿ ನನಗೆ ಮೇಸ್ತ್ರಿಯ ಜೊತೆ ಸ್ವಲ್ಪ ಜಗಳವೇ ಆಯಿತು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಅಪ್ಪ ಜೀಪು ನಿಲ್ಲಿಸುವ ವರ್ಷವಷ್ಟೇ ಹಾಕಿಸಿದ್ದರು. ಬಿಲ್ಲು ಕಪಾಟಿನಲ್ಲಿದೆ. ಇಡೀ ಕೊಟ್ಟಗೆಯಲ್ಲಿ ಅಷ್ಟು ಚೆಂದದ ಸಾಮಾನು ಇನ್ನೊಂದಿರಲಿಲ್ಲ, ಕಪ್ಪು ಪೈಂಟ್ ಒಂದು ಗೀರಿಲ್ಲದೆ ಇತ್ತು. ಮೇಸ್ತ್ರಿ ಬಿಚ್ಚಿ, ಒರೆಸಿ, ಒಳಗೆ ಕಿರುಬೆರಳು ಹಾಕಿದರು. ನನ್ನ ಬೆರಳನ್ನೂ ಹಾಕಲು ಹೇಳಿದರು. ಉಗುರು ಎರಡು ಕಡೆ ಸಿಕ್ಕಿತು.

"ಪೋಯಿ."

"ಎರಡು ಸಣ್ಣ ಗುಂಡಿ ಅಲ್ವಾ ಮೇಸ್ತ್ರಿ, ಪಾಲಿಶ್ ಪೇಪರಿನಲ್ಲಿ ಉಜ್ಜಿದರೆ?"

"ಅಕ್ಕ, ಒಂದು ಕೇಳ್ತೇನೆ. ಡೈನಮೋ ಹಾಳಾದ್ರೆ ಜೀಪು ಏನಾಗ್ತದೆ?"

"ನಿಲ್ತದೆ."

"ಇದು ಹಾಳಾದ್ರೆ?"

ನಮ್ಮ ಮನೆಯಿಂದ ರಸ್ತೆಗೆ ಇಳಿಯುವ ದಾರಿ ನೆನಪಾಯಿತು. ನಾನು ಮಾತಾಡಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ನೀರನ್ನು ಹೀರುತ್ತದಂತೆ. ನಮ್ಮ ಮಳೆಗಾಲದಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಕೂತರೆ ಒಳಗಿನಿಂದಲೇ ತುಕ್ಕು. ಗುಂಡಿ ಬಿದ್ದ ಕಡೆ ರಬ್ಬರ್ ಹರಿಯುತ್ತದೆ, ಒತ್ತಡ ಹೋಗುತ್ತದೆ. ಜೀಪಿನ ಸಿಲಿಂಡರ್ ಹೊಸದೇ ಸಿಗುವಾಗ ಇದನ್ನು ಯಾಕೆ ಉಜ್ಜಬೇಕು? ಬ್ರೇಕ್ ಪೈಪುಗಳನ್ನಂತೂ ಅವರು ನೋಡಲೂ ಇಲ್ಲ, ಕತ್ತರಿಸಿ ಎಸೆದರು. ಸ್ಟೇರಿಂಗ್‌ನ ರಾಡುಗಳಿಗೂ ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ ನಾನೇ ಪ್ರತಿ ಸಾಮಾನು ಎತ್ತುವಾಗ ಕೇಳಿಕೊಳ್ಳತೊಡಗಿದೆ: ಇದು ಮುರಿದರೆ ಜೀಪು ನಿಲ್ತದಾ, ನಿಲ್ಲುದಿಲ್ವಾ?

ಮೇಸ್ತ್ರಿ ಹೋದ ಮೇಲೆ ಆಪುಂಡು ಚೌಕದ ಸಣ್ಣ ಸಾಮಾನು ನನ್ನ ಪಾಲಿಗೆ. ಬೋಲ್ಟು, ಬ್ರಾಕೆಟ್ಟುಗಳಿಗೆ ಬಿಂಬುಳಿ ಎಂಬ ಹುಳಿ ಕಾಯಿ. ಬಟ್ಟೆಯ ತುಕ್ಕಿನ ಕಲೆಗೆ ಅಮ್ಮ ಅದನ್ನೇ ಉಜ್ಜುವುದು. ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ. ಜಜ್ಜಿ ಬಕೆಟಿಗೆ ಹಾಕಿ ಎರಡು ರಾತ್ರಿ ಬಿಟ್ಟೆ. ಬೂದು ಬಣ್ಣದಲ್ಲಿ ಚೊಕ್ಕವಾಗಿ ಬಂದವು. ಸೋಡಾ ಪುಡಿ ಕರಗಿಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಕೂಡಲೇ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪು. ಹುಮ್ಮಸ್ಸಿನಲ್ಲಿ ಸ್ಪ್ರಿಂಗಿನ ಪ್ಲೇಟುಗಳನ್ನೂ ಹುಳಿಗೆ ಹಾಕುತ್ತೇನೆ ಎಂದು ಫೋನ್ ಮಾಡಿದೆ. ಮೇಸ್ತ್ರಿ ಹೌಹಾರಿದರು. ಗಡಸು ಉಕ್ಕಿಗೆ ಹುಳಿ ತಾಗಿದರೆ ಹೈಡ್ರೋಜನ್ ಒಳಗೆ ಹೊಕ್ಕು ಒಂದು ದಿನ ಗಾಜಿನ ಹಾಗೆ ಮುರಿಯುತ್ತದೆ. ಅವರು ಹೈಡ್ರೋಜನ್ ಎನ್ನಲಿಲ್ಲ, "ಹುಳಿ ಅದರ ಜೀವ ತೆಗೀತದೆ" ಎಂದರು. ಪ್ಲೇಟುಗಳನ್ನು ವಯರ್ ಬ್ರಶ್ಶಿನಲ್ಲೇ ಉಜ್ಜಿದೆ. ಭುಜ ಇನ್ನೂ ನೋಯುತ್ತಿದೆ.

ದೊಡ್ಡ ಸಾಮಾನಿಗೆ ಕರೆಂಟು. ತೊಳೆದ ಬೋರ್ಡೋ ಡ್ರಮ್ಮಿನಲ್ಲಿ ನೀರು, 20 ಲೀಟರಿಗೆ ಐದಾರು ಚಮಚ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ನೆಗೆಟಿವ್ ವಯರ್ ತುಕ್ಕಿನ ಸಾಮಾನಿಗೆ, ಪಾಸಿಟಿವ್ ಒಂದು ಹಳೆ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸರಳಿನ ಬದಲು ಸ್ಟೀಲ್ ತಟ್ಟೆ, ಚಮಚ ಹಾಕಲೇಬೇಡಿ. ಅದರ ಕ್ರೋಮಿಯಂ ನೀರಿಗೆ ಬಂದು ವಿಷವಾಗುತ್ತದೆ. ಅಲ್ಯೂಮಿನಿಯಂ ಸಾಮಾನನ್ನೂ ಮುಳುಗಿಸಬೇಡಿ, ಸೋಡಾ ಅದನ್ನೇ ತಿನ್ನುತ್ತದೆ. ಮೇಲೆ ಬರುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಇದೆಲ್ಲ ಅಂಗಳದಲ್ಲೇ. ಬ್ರೇಕ್ ಡ್ರಮ್ ಒಂದು ರಾತ್ರಿಯಲ್ಲಿ ಸಿಪ್ಪೆ ಬಿಡಿಸಿದ ಹಾಗೆ ಬಂತು. ಅಳತೆ ನೋಡಿಸಿದರೆ ಎರಡು ಸರಿಯಿವೆ, ಎರಡು ಸವೆದಿವೆ. ತುಕ್ಕಿನಿಂದ ಅಲ್ಲ, ಅಪ್ಪನ ಕಾಲಿನಿಂದ.

ಎಂಜಿನ್ ಇನ್ನೂ ನೋಡುವ ಚೌಕದಲ್ಲಿದೆ. ಹೆಡ್ ಬಿಚ್ಚಿದಾಗ ಎರಡು ಸಿಲಿಂಡರ್ ಚೊಕ್ಕ, ಎರಡು ಕೆಂಪು. ನಿಂತ ದಿನ ಯಾವ ವಾಲ್ವ್ ತೆರೆದುಕೊಂಡು ನಿಂತಿತೋ ಅಲ್ಲಿಗೆ ಥಂಡಿ ಗಾಳಿ ಹೊಕ್ಕಿದೆ. ಗುಂಡಿ ಆಳ ಇಲ್ಲದಿದ್ದರೆ ಟ್ವೆಂಟಿ ಓವರ್‌ಸೈಜಿಗೆ ಬೋರಿಂಗ್ ಮಾಡಿಸಿದರೆ, ಅಂದರೆ ಸಿಲಿಂಡರನ್ನು ಇಂಚಿನ ಸಾವಿರದ ಇಪ್ಪತ್ತು ಭಾಗ ಅಗಲವಾಗಿ ಕೊರೆಸಿದರೆ, ಸಾಕು. ಆಳ ಇದ್ದರೆ ಒಳಗೆ ಲೈನರ್ ಎಂಬ ಹೊಸ ಕೊಳವೆ. ಆದರೆ ಮೊದಲು ಪಿಸ್ಟನ್ ಸಡಿಲ ಆಗಬೇಕು. ಎಟಿಎಫ್ ಎಂಬ ಆಟೋಮ್ಯಾಟಿಕ್ ಗೇರಿನ ಎಣ್ಣೆಗೆ ಅಸಿಟೋನ್ ಸೇರಿಸಿ ಪ್ರತಿ ಸಂಜೆ ಬ್ಯಾಂಕಿನಿಂದ ಬಂದು ಸುರಿಯುತ್ತೇನೆ. ಬಲ ಹಾಕಬಾರದು ಎಂದು ಮೇಸ್ತ್ರಿಯ ಆಜ್ಞೆ.

ಪೋಯಿ ಚೌಕವನ್ನು ಗುಜರಿಯವರು ಕಳೆದ ವಾರ ಒಯ್ದರು. 140 ಕಿಲೋ. ಮಾಸ್ಟರ್ ಸಿಲಿಂಡರ್ ನೋಡಿ "ಇದು ಹೊಸದಲ್ವಾ?" ಎಂದು ಬದಿಗಿಟ್ಟರು. ಯಾರಿಗಾದರೂ ಮಾರುವ ಅಂದಾಜು. ನಾನು ಅದನ್ನು ವಾಪಸು ತಗೊಂಡು, ಸುತ್ತಿಗೆಯಲ್ಲಿ ಜಜ್ಜಿ, ಆಮೇಲೆ ತಕ್ಕಡಿಗೆ ಹಾಕಿದೆ.

ನಿನ್ನೆ ಹದಿನೇಳನೇ ದಿನ. ಎಂಜಿನ್ ಎರಡು ಬೆರಳಷ್ಟು ತಿರುಗಿ ಮತ್ತೆ ನಿಂತಿತು. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ಯಾವ ಕಡೆಗೆ ತಿರುಗಿತು?"

"ಎರಡೂ ಕಡೆಗೆ."

"ಎಣ್ಣೆ ಹಾಕಿ. ಭಾನುವಾರ ಬರ್ತೇನೆ" ಎಂದರು.