ಟ್ಯಾಂಕಿನೊಳಗಿನ ಪುಟ್ಟ ತೂಕ

ಉಡುಪಿಯ ಈ ಮಳೆಯಲ್ಲಿ ಮಾದರಿ ವಿಮಾನ ಹಾರಿಸುವ ಮಾತೇ ಇಲ್ಲ. ಹಾಗಾಗಿ ಅದರ ಗ್ಲೋ ಎಂಜಿನ್ನಿನ (ಕಾದು ಕೆಂಪಾದ ತಂತಿಯಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್) ಇಂಧನ ಟ್ಯಾಂಕನ್ನು ಬಿಚ್ಚಿ ಹೊಸದಾಗಿ ಜೋಡಿಸುತ್ತಿದ್ದೇನೆ. ಎಲ್ಲರೂ ಎಂಜಿನ್ನಿನ ಶಕ್ತಿಯನ್ನೇ ಹೊಗಳುತ್ತಾರೆ, ನನಗೆ ಮಾತ್ರ ಟ್ಯಾಂಕಿನ ಮೇಲೆಯೇ ಹೆಚ್ಚು ಪ್ರೀತಿ.

ಅದರೊಳಗೆ ಮೆತ್ತನೆಯ ಸಿಲಿಕೋನ್ ಕೊಳವೆ, ಕೊಳವೆಯ ತುದಿಗೆ ಲೋಹದ ಪುಟ್ಟ ತೂಕ. ವಿಮಾನ ತಲೆಕೆಳಗಾಗಿ ಹಾರಿದರೂ ಇಂಧನ ಎತ್ತ ಜಾರುತ್ತದೋ ತೂಕವೂ ಅತ್ತಲೇ ಜಾರುತ್ತದೆ. ಹಾಗಾಗಿ ಇಂಧನಕ್ಕೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಈ ಕೊಳವೆಯಿಂದ ಇಂಧನವೇ ಹೋಗುತ್ತದೆ, ಟ್ಯಾಂಕಿನ ಗಾಳಿ ನುಗ್ಗುವುದಿಲ್ಲ. ತೂಕ ಟ್ಯಾಂಕಿನ ಹಿಂಬದಿಗೆ ತಾಗದಷ್ಟು ಉದ್ದಕ್ಕೆ ಕೊಳವೆಯನ್ನು ಕತ್ತರಿಸಬೇಕು. ಇನ್ನೊಂದು ಕೊಳವೆ ಸೈಲೆನ್ಸರಿನ ಒತ್ತಡವನ್ನು ಟ್ಯಾಂಕಿಗೆ ತಂದು ಇಂಧನವನ್ನು ಮುಂದಕ್ಕೆ ತಳ್ಳುತ್ತದೆ. ಟ್ಯಾಂಕಿನ ನಡುಮಟ್ಟ ಕಾರ್ಬ್ಯುರೇಟರಿನ ಮಟ್ಟಕ್ಕೆ ಹತ್ತಿರವಿರಲಿ. ಸುತ್ತಲೂ ಸ್ಪಂಜು ಇಡದಿದ್ದರೆ ಕಂಪನಕ್ಕೆ ಇಂಧನ ನೊರೆಯೇಳುತ್ತದೆ, ಎಂಜಿನ್ ತಡವರಿಸುತ್ತದೆ.

ಇಂಧನದ ಬಹುಪಾಲು ಮೆಥನಾಲ್, ಜೊತೆಗೆ ಸ್ವಲ್ಪ ನೈಟ್ರೋಮೀಥೇನ್, ಹರಳೆಣ್ಣೆ ಅಥವಾ ಕೃತಕ ಎಣ್ಣೆ. ಹಿಂದೆ ಮನೆಮನೆಯಲ್ಲೂ ಮದ್ದಾಗಿದ್ದ ಹರಳೆಣ್ಣೆ ಅಷ್ಟು ಬಿಸಿಯಲ್ಲೂ ಪಿಸ್ಟನ್ನನ್ನು ಕಾಯುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗ.

ನಮ್ಮ ಕರಾವಳಿಯ ಚಿಂತೆ ತೇವಾಂಶದ್ದು. ಮೆಥನಾಲ್ ಗಾಳಿಯ ನೀರನ್ನು ಹೀರುತ್ತದೆ. ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಇಂಧನ ಕೆಟ್ಟಿತೆಂದೇ ತಿಳಿಯಿರಿ. ಹಾರಾಟ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ನಿನಲ್ಲಿ ಉಳಿದದ್ದನ್ನು ಉರಿಸಿ, ಕೆಲವು ಹನಿ ಎಣ್ಣೆ ಬಿಡಿ. ಇಲ್ಲದಿದ್ದರೆ ಬೇರಿಂಗಿಗೆ ತುಕ್ಕು ಖಂಡಿತ. ಮಕ್ಕಳನ್ನು ದೂರವಿಡಿ: ಮೆಥನಾಲ್ ವಿಷ, ಅದರ ಜ್ವಾಲೆ ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ.

ಪೆಟ್ರೋಲ್ ಎಂಜಿನ್ ಇರುವವರು ಈ ಸಿಲಿಕೋನ್ ಕೊಳವೆಯನ್ನು ಬಳಸಬೇಡಿ, ಉಬ್ಬಿ ಹಾಳಾಗುತ್ತದೆ.