ಆಲ್ಫ್ರೆಡ್ ದೊರೆಯ ವಂಶವೃಕ್ಷ: ಎರಡನೆಯ ಹಾಳೆ ಮುಗಿಯಿತು

ದಕ್ಷಿಣ ಇಂಗ್ಲೆಂಡಿನ ಹಳೆಯ ರಾಜ್ಯವಾದ ವೆಸೆಕ್ಸ್‌ನ ರಾಜಮನೆತನದ ವಂಶವೃಕ್ಷದ ಎರಡನೆಯ ಹಾಳೆಗೆ ಶಾಯಿ ಹಾಕಿದ್ದಾಯಿತು. ಮೊದಲ ಹಾಳೆಯಲ್ಲಿ ದೊರೆ ಎಥೆಲ್‌ವುಲ್ಫ್ ಮತ್ತು ಅವನ ಮಕ್ಕಳಿದ್ದರು. ಇದರಲ್ಲಿ ಕಿರಿಯ ಮಗ ಆಲ್ಫ್ರೆಡ್, ಅವನ ಹೆಂಡತಿ ಈಲ್‌ಸ್ವಿತ್ ಮತ್ತು ಐವರು ಮಕ್ಕಳು.

ಈ ಮನೆಯಲ್ಲಿ ಎಥೆಲ್‌ಬಾಲ್ಡ್, ಎಥೆಲ್‌ಬರ್ಟ್, ಎಥೆಲ್‌ರೆಡ್ ಎಂದು ಬಹುತೇಕ ಹೆಸರುಗಳು ಒಂದೇ ಬಗೆಯಲ್ಲಿ ಶುರುವಾಗುತ್ತವೆ. ಹಾಗಾಗಿ ಆಳಿದವರಿಗೆ ಕೆಂಪು ಶಾಯಿ, ಉಳಿದವರಿಗೆ ಕಪ್ಪು, ಮದುವೆಯ ಗೆರೆಗೆ ಹಸಿರು ಎಂದು ಇಟ್ಟುಕೊಂಡೆ. 858ರಲ್ಲಿ ತಂದೆ ತೀರಿಕೊಂಡ ಮೇಲೆ ಪಟ್ಟ ಅಣ್ಣನಿಂದ ತಮ್ಮನಿಗೆ ಸಾಗಿತು. ಡೆನ್ಮಾರ್ಕ್ ಕಡೆಯಿಂದ ಬಂದ ಡೇನರು ದಾಳಿಯಿಡುತ್ತಿದ್ದ ಕಾಲದಲ್ಲಿ ಹಸುಳೆಗಿಂತ ಕತ್ತಿ ಹಿಡಿಯಬಲ್ಲ ತಮ್ಮನೇ ಮೇಲು. 871ರಲ್ಲಿ ಎಥೆಲ್‌ರೆಡ್ ಸತ್ತಾಗ ಅವನ ಎಳೆಯ ಮಕ್ಕಳನ್ನು ಬಿಟ್ಟು ಆಲ್ಫ್ರೆಡ್‌ನಿಗೆ ಪಟ್ಟವಾದದ್ದೂ ಹಾಗೆಯೇ. ಆ ಮಕ್ಕಳಲ್ಲಿ ಒಬ್ಬನಾದ ಎಥೆಲ್‌ವೋಲ್ಡ್, 899ರಲ್ಲಿ ಚಿಕ್ಕಪ್ಪ ಕಣ್ಮುಚ್ಚಿದ ಕೂಡಲೇ ಬಂಡೆದ್ದು, ಡೇನರ ಜೊತೆ ಸೇರಿ, ಕಾದಾಡುತ್ತಲೇ ಮಡಿದ. ದಾಯಾದಿ ಕಲಹವೆಂದರೆ ಇದೇ.

ಹೆಚ್ಚು ಹೊತ್ತು ಹಿಡಿದದ್ದು ಜೂಡಿತ್‌ಳ ಗೆರೆಗಳು. ಇಂದಿನ ಫ್ರಾನ್ಸ್ ನಾಡಿನ ಫ್ರಾಂಕರ ದೊರೆ ಬೋಳು ಚಾರ್ಲ್ಸ್‌ನ ಮಗಳು ಈಕೆ. ರೋಮ್ ಯಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ಎಥೆಲ್‌ವುಲ್ಫ್ 856ರ ಅಕ್ಟೋಬರ್ 1ರಂದು ವರ್ಬೆರಿಯಲ್ಲಿ ಅವಳನ್ನು ಮದುವೆಯಾದ. ಅವಳಿಗಿನ್ನೂ ಹದಿಮೂರರ ಆಸುಪಾಸು. ಆಲ್ಫ್ರೆಡ್‌ನಿಗೆ ಏಳೋ ಎಂಟೋ. ಎರಡು ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡ. ಆಗ ಮಲಮಗ ಎಥೆಲ್‌ಬಾಲ್ಡ್ ಅವಳ ಕೈಹಿಡಿದ. ಅವನೂ 860ರಲ್ಲಿ ಸತ್ತ. ತವರಿಗೆ ಮರಳಿದವಳನ್ನು ತಂದೆ ಸಾನ್ಲಿಸ್‌ನಲ್ಲಿ ಕಾವಲಿನಲ್ಲಿಟ್ಟ. ಅಲ್ಲಿಂದ ಅವಳು ಬಾಲ್ಡ್‌ವಿನ್‌ ಎಂಬ, ಮುಂದೆ ಇಂದಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ಗೆ ಒಡೆಯನಾದ ಸರದಾರನೊಡನೆ ಹೊರಟುಹೋದಳು. ಚಾರ್ಲ್ಸ್ ಕೆಂಡಾಮಂಡಲವಾದ, ಪೋಪ್ ನಿಕೋಲಸ್ ಇವರ ಪರ ಮಾತಾಡಿದ ಮೇಲೆ 863ರಲ್ಲಿ ಮದುವೆಗೆ ಒಪ್ಪಿಗೆ ಸಿಕ್ಕಿತು. ಎರಡು ಸಲ ಹಿರಿಯರ ಲೆಕ್ಕಾಚಾರಕ್ಕೆ ಸಂದ ಹುಡುಗಿ ಮೂರನೆಯ ಸಲ ತಾನೇ ಆರಿಸಿಕೊಂಡಳು. ಅವಳ ಧೈರ್ಯ ನನಗೆ ತುಂಬ ಹಿಡಿಸಿತು.

ಮುಂದೆ ಅವಳ ಮಗ ಎರಡನೆಯ ಬಾಲ್ಡ್‌ವಿನ್‌ನಿಗೆ ಆಲ್ಫ್ರೆಡ್ ತನ್ನ ಮಗಳು ಆಲ್ಫ್‌ಥ್ರಿತ್‌ಳನ್ನು ಕೊಟ್ಟ. ಅಲ್ಲಿಗೆ ಜೂಡಿತ್ ಆಲ್ಫ್ರೆಡ್‌ನಿಗೆ ಮಲತಾಯಿ, ಅತ್ತಿಗೆ, ನಂಟಿನ ಲೆಕ್ಕದಲ್ಲಿ ಬೀಗಿತ್ತಿಯೂ ಹೌದು. ಗೆರೆಗಳು ಒಂದನ್ನೊಂದು ಕತ್ತರಿಸದಿರಲೆಂದು ಅವಳ ಹೆಸರನ್ನು ಹಾಳೆಯ ಬಲತುದಿಯಲ್ಲಿಟ್ಟು ಮೂರು ಹಸಿರು ಗೆರೆಗಳನ್ನೂ ಅಲ್ಲಿಂದಲೇ ಎಳೆದೆ.

ಎಡಬದಿ ಮಧ್ಯ ಇಂಗ್ಲೆಂಡಿನ ಮರ್ಸಿಯಾ ರಾಜ್ಯದ್ದು. ಆಲ್ಫ್ರೆಡ್‌ನ ಅಕ್ಕ ಎಥೆಲ್‌ಸ್ವಿತ್ ಆ ಮನೆಗೆ ಸೊಸೆಯಾಗಿ ಹೋದಳು. 868ರಲ್ಲಿ ಅವನು ತಂದುಕೊಂಡ ಹೆಣ್ಣು ಅದೇ ನಾಡಿನವಳು. ಹಿರಿಮಗಳು ಎಥೆಲ್‌ಫ್ಲೆಡ್‌ಳನ್ನು ಕೊಟ್ಟದ್ದೂ ಅಲ್ಲಿಗೇ. 911ರಲ್ಲಿ ಗಂಡ ಸತ್ತ ಮೇಲೆ ಮರ್ಸಿಯಾವನ್ನು ಆಳಿದವಳು ಈಕೆ. ಕೋಟೆಗಳನ್ನು ಕಟ್ಟಿಸಿ, 917ರಲ್ಲಿ ಡರ್ಬಿಯನ್ನು ಡೇನರಿಂದ ಗೆದ್ದು, ಮರುವರ್ಷ ಟ್ಯಾಮ್‌ವರ್ತ್‌ನಲ್ಲಿ ಕೊನೆಯುಸಿರೆಳೆದಳು. ರಾಜವಂಶದ ಎಷ್ಟೋ ಪಟ್ಟಿಗಳಲ್ಲಿ ಅವಳದು, ಆಲ್ಫ್ರೆಡ್‌ನ ನಂತರ ಪಟ್ಟವೇರಿದ ತಮ್ಮ ಎಡ್ವರ್ಡ್‌ನ ಪಕ್ಕದಲ್ಲೊಂದು ಸಣ್ಣ ಹೆಸರು. ನನ್ನ ಹಾಳೆಯಲ್ಲಿ ಇಬ್ಬರಿಗೂ ಒಂದೇ ಅಳತೆಯ ಕೆಂಪು ಅಕ್ಷರ. ಶಾಫ್ಟ್ಸ್‌ಬರಿ ಮಠದ ಮುಖ್ಯಸ್ಥೆಯಾದ ಎಥೆಲ್‌ಗಿಫು, ಕಿರಿಮಗ ಎಥೆಲ್‌ವಿಯರ್ಡ್ ಕಪ್ಪಿನಲ್ಲಿದ್ದಾರೆ.

ಅಂಚಿನಲ್ಲಿ ಆಲ್ಫ್ರೆಡ್‌ನ ಉಯಿಲಿನ ಸಾರವನ್ನೂ ಬರೆದೆ, ಏಕೆಂದರೆ ಅದು ಇಂದಿಗೂ ಉಳಿದಿದೆ. ಗಂಡುಮಕ್ಕಳಿಬ್ಬರಿಗೆ ತಲಾ 500 ಪೌಂಡ್. ಹೆಂಡತಿಗೂ ಮೂವರು ಹೆಣ್ಣುಮಕ್ಕಳಿಗೂ ತಲಾ 100. ಈಲ್‌ಸ್ವಿತ್‌ಗೆ ಲ್ಯಾಂಬೋರ್ನ್, ವಾಂಟೇಜ್, ಎಡಿಂಗ್ಟನ್ ಜಮೀನುಗಳೂ ಬಂದವು. ವಾಂಟೇಜ್ ಅವನು ಹುಟ್ಟಿದ ಊರು. ಎಡಿಂಗ್ಟನ್, 878ರಲ್ಲಿ ಗಥ್ರಮ್‌ನ ಡೇನ್ ಪಡೆಯನ್ನು ಸೋಲಿಸಿ ರಾಜ್ಯ ಉಳಿಸಿಕೊಂಡ ಊರು. ಇವೆರಡನ್ನೂ ಅವನು ಹೆಂಡತಿಗೇ ಬಿಟ್ಟಿದ್ದನ್ನು ಓದಿದಾಗ ಮನಸ್ಸು ತುಂಬಿತು.

ಮೂರನೆಯ ಹಾಳೆ ಫ್ಲಾಂಡರ್ಸ್ ಕವಲಿಗೆ: ಆಲ್ಫ್‌ಥ್ರಿತ್‌ಳಿಂದ ಹಿಡಿದು, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂನ ಹೆಂಡತಿ ಮಟಿಲ್ಡಾಳವರೆಗೆ. ಅಲ್ಲಿ ಬಾಲ್ಡ್‌ವಿನ್, ಆರ್ನುಲ್ಫ್ ಹೆಸರುಗಳೇ ಸರದಿಯಲ್ಲಿ ಬರುವುದರಿಂದ ಪ್ರತಿ ಹೆಸರಿನ ಕೆಳಗೆ ಮರಣದ ವರ್ಷವನ್ನೂ ಬರೆಯಲಿದ್ದೇನೆ.