ದೊಡ್ಡಪ್ಪನ ಕೋವಿಗೆ ಎಷ್ಟು ಬೆಲೆ?

ಎಲೆಕ್ಷನ್ ಮುಗಿದು ಠಾಣೆಯಿಂದ ಕೋವಿ ವಾಪಸ್ ತಂದ ದಿನವೇ ದೊಡ್ಡಪ್ಪ ಫೋನ್ ಮಾಡಿದರು. "ಒಬ್ಬರು ನಾಲ್ಕು ಲಕ್ಷಕ್ಕೆ ಕೇಳ್ತಿದ್ದಾರೆ. ಕೊಡೋದಾ? ನೀನೊಂದ್ಸಲ ಬಂದು ನೋಡು." ನನಗೆ ಹಳೇ ಕೋವಿ ನೋಡೋ ಹುಚ್ಚು ಇರುವುದು ಮನೆಯಲ್ಲೆಲ್ಲ ಗೊತ್ತು.

ಸಕಲೇಶಪುರದ ಕಡೆ ಹಳೇ ತೋಟದ ಮನೆಗಳಲ್ಲಿ ಇಂಥ ಜೋಡಿ ನಳಿಗೆ ಕೋವಿಗಳು ಇನ್ನೂ ಇವೆ. 1972ರ ವನ್ಯಜೀವಿ ಕಾಯ್ದೆ ಬಂತು, ಶಿಕಾರಿಗೆ ಕಡಿವಾಣ ಬಿತ್ತು (ಕಾಗದದಲ್ಲಾದರೂ), ಕೋವಿ ಬೀರು ಸೇರಿತು.

ದೊಡ್ಡಪ್ಪನ ಕೋವಿ ಮೇಲೆ ಕಲ್ಕತ್ತಾದ ರೊಡ್ಡಾ ಕಂಪನಿ ಹೆಸರಿದೆ. 1914ರಲ್ಲಿ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು ಲಪಟಾಯಿಸಿದ್ದು ಇದೇ ಕಂಪನಿಯ ಮಾಲಿನಿಂದ. ಈ ಕತೆ ಹೇಳುವಾಗ ದೊಡ್ಡಪ್ಪನ ಎದೆ ಉಬ್ಬುತ್ತದೆ. ಆದರೆ ರೊಡ್ಡಾದವರು ಮಾರಿದವರು ಅಷ್ಟೇ. ನಳಿಗೆಯ ಅಡಿಯಲ್ಲಿ ಕಿರೀಟ, ಅದರ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂಬ ಅಕ್ಷರಗಳು. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ (ಕೋವಿ ಪರೀಕ್ಷೆ ಮಾಡಿ ಮುದ್ರೆ ಒತ್ತುವ ಸಂಸ್ಥೆ) ಮುದ್ರೆ, 1904ರಿಂದೀಚಿನದು. ಎನ್‌ಪಿ ಇದ್ದರೆ ಹೊಗೆಯಿಲ್ಲದ ಮದ್ದಿಗೂ ಪರೀಕ್ಷೆ ಆಗಿದೆ ಅಂತ.

ಖಾಲಿ ಇದೆಯಾ ಅಂತ ಎರಡು ಸಲ ನೋಡಿ ಬಿಚ್ಚಿದೆ. ನಳಿಗೆಯನ್ನು ಕೊಕ್ಕೆಯಲ್ಲಿ ನೇತುಹಾಕಿ ಉಗುರಲ್ಲಿ ತಟ್ಟಿದರೆ ದೇವಸ್ಥಾನದ ಗಂಟೆ ಹಾಗೆ ಠಣ್ ಅಂತು. ಬೆಸುಗೆ ಬಿಟ್ಟಿದ್ದರೆ ಒಡೆದ ಮಡಕೆ ಸದ್ದು ಬರುತ್ತಿತ್ತು. ಮುಂದಿನ ಮರದ ಹಿಡಿ ತೆಗೆದು, ಉಳಿದದ್ದನ್ನು ಜೋಡಿಸಿ ಅಲ್ಲಾಡಿಸಿದೆ. ಒಂದಿಷ್ಟೂ ಗಡಗಡ ಇಲ್ಲ. ಆ ಹಿಡಿ ಇದ್ದರೆ ಎಂಥ ಸಡಿಲವೂ ಮುಚ್ಚಿಹೋಗುತ್ತದೆ, ಅದಕ್ಕೇ ತೆಗೆದದ್ದು.

ಆಮೇಲೆ ಕಿಟಕಿ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ನನಗೆ ಗುಮಾನಿ ಬಂದದ್ದೇ ಅಲ್ಲಿ. ಸಕಲೇಶಪುರದ ಮಳೆಯಲ್ಲಿ ನೂರು ವರ್ಷ ಹತ್ತಿರದ ಕೋವಿ ಇಷ್ಟು ಹೊಳೆಯುತ್ತದಾ? ಓರೆ ಮಾಡಿ ನೋಡಿದರೆ ಒಂದು ಗೇಣು ಮುಂದೆ, ಕಾಯಿಕೊರಕ ಕೊರೆದ ಕಾಫಿ ಬೀಜದಲ್ಲಿರುವಂಥ ತುಕ್ಕು ತಿಂದ ಸಣ್ಣ ಗುಳಿ, ಅಂಚೆಲ್ಲ ಸವೆದು ನುಣುಪಾಗಿದೆ. ಯಾರೋ ತುಕ್ಕು ತೆಗೆಯಲು ಒಳಗೆಲ್ಲ ಉಜ್ಜಿಸಿದ್ದಾರೆ. ಹೋದದ್ದು ತುಕ್ಕು ಮಾತ್ರವಲ್ಲ, ಉಕ್ಕೂ ಹೋಗಿದೆ.

ಇದು ಹನ್ನೆರಡು ಬೋರಿನ ಕೋವಿ (ಬೋರು ಅಂದರೆ ನಳಿಗೆಯ ಒಳ ಅಗಲದ ಲೆಕ್ಕ), ಒಳ ಅಳತೆ 0.729 ಇಂಚು ಇರಬೇಕು. ನನ್ನ ಗೇಜು 0.743 ತೋರಿಸಿತು. ಇಷ್ಟು ಅಗಲವಾದರೆ ಬ್ರಿಟನ್ನಿನಲ್ಲಿ ಆ ಪ್ರೂಫ್ ಹೌಸಿನ ಮುದ್ರೆಗೆ ಬೆಲೆ ಇಲ್ಲ, ಮತ್ತೆ ಪರೀಕ್ಷೆ ಆಗಬೇಕು.

"ಕೇಳಿದವರು ಒಳಗೆ ನೋಡಿದ್ರಾ?"

"ಇಲ್ಲಪ್ಪ, ಕೆತ್ತನೆ ನೋಡಿ ಖುಷಿಪಟ್ರು."

"ಅಳತೆ ಹೇಳದೆ ಮಾರಬೇಡಿ. ತೋಟೆಯಂತೂ ಹಾಕಲೇಬೇಡಿ."

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಮಂಗ ಓಡಿಸೋಕೆ ಏನ್ಮಾಡ್ಲಿ ಹಂಗಾದ್ರೆ?"

"ಪಟಾಕಿ ತರ್ತೀನಿ."